ಕಪ್ಪು ಚಿತ್ರಗಳ ಕತ್ತಲೆ

೧೯೪೬ನೆಯ ಇಸವಿಯ ಬೇಸಗೆಯಲ್ಲಿ ಪ್ಯಾರಿಸ್ ನಗರದ ಚಿತ್ರಮಂದಿರಗಳಿಗೆ ಅಮೆರಿಕದ ಚಲಚ್ಚಿತ್ರಗಳು ಒಂದರ ಹಿಂದೊಂದರಂತೆ ಬಂದುವು. ಜರ್ಮನರು ಫ್ರಾನ್ಸನ್ನು ಆಕ್ರಮಿಸಿಕೊಂಡಿದ್ದ ವರ್ಷಗಳಲ್ಲಿ ಹಾಲಿವುಡ್ಡಿನ ಚಿತ್ರಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಯುದ್ಧ ಮುಗಿದ ಮೇಲೆ, ಹಲವು ವರ್ಷಗಳಲ್ಲಿ ತಯಾರಾದ ಚಿತ್ರಗಳನ್ನು ಅಲ್ಲಿನ ಪ್ರೇಕ್ಷಕರು ಕೆಲವೇ ವಾರಗಳಲ್ಲಿ ಒಟ್ಟಿಗೆ ಕಾಣುವಂತಾಯಿತು. ‘ದಿ ಮಾಲ್ಟೀಸ್ ಫಾಲ್ಕನ್’, ‘ಡಬಲ್ ಇಂಡೆಮ್ನಿಟಿ’, ‘ಲಾರಾ’, ‘ಮರ್ಡರ್, ಮೈ ಸ್ವೀಟ್’ ಇವೆಲ್ಲ ಹಾಗೆ ಬಂದವು. ಬಿಡಿಬಿಡಿಯಾಗಿ ನೋಡಿದ್ದ ಅಮೆರಿಕನ್ನರಿಗೆ ಕಾಣಿಸದೆ ಹೋದ ಹೋಲಿಕೆಯೊಂದು ಒಟ್ಟಿಗೆ ನೋಡಿದವರ ಕಣ್ಣಿಗೆ ಬಿದ್ದಿತು. ಆ ವರ್ಷವೇ ನೀನೋ ಫ್ರಾಂಕ್ ಎಂಬ ವಿಮರ್ಶಕನು ಇವುಗಳಿಗೆ ‘ಫಿಲ್ಮ್ ನ್ವಾರ್’ ಎಂಬ ಹೆಸರನ್ನು ಹಚ್ಚಿದನು. ಕನ್ನಡದಲ್ಲಿ ಹೇಳುವುದಾದರೆ ಕಪ್ಪು ಚಿತ್ರ.

ಈ ಚಿತ್ರಗಳಲ್ಲಿ ಆಸಕ್ತಿಯುಳ್ಳ ನಾವು ಒಂದು ಸಂಗತಿಯನ್ನು ಒಪ್ಪಿಕೊಳ್ಳಲೇಬೇಕು. ಕಥೆಗಳು ಬಹುಮಟ್ಟಿಗೆ ಒಂದೇ ಅಚ್ಚಿನವು. ದುರಾಸೆಗೊಳಗಾದ ಒಬ್ಬ ಗಂಡಸು, ಅವನನ್ನು ಆಟವಾಡಿಸುವ ಒಬ್ಬ ಚೆಲುವೆ, ಒಂದು ಕೊಲೆ, ಅದನ್ನು ಮುಚ್ಚಲು ಹೋಗಿ ಮತ್ತೊಂದು. ‘ಡಬಲ್ ಇಂಡೆಮ್ನಿಟಿ’ಯ ವಿಮಾ ದಲ್ಲಾಳಿಯಂತೂ ಚಿತ್ರದ ಮೊದಲಲ್ಲಿಯೇ ತನ್ನ ಅಪರಾಧವನ್ನು ಹೇಳಿಕೊಂಡುಬಿಡುತ್ತಾನೆ. ಹಾಗಿದ್ದರೂ ಅದನ್ನು ಹತ್ತನೆಯ ಸಲ ನೋಡಲು ಕುಳಿತವನ ಆನಂದಕ್ಕೆ ಏನೂ ಕುಂದು ಬಾರದು. ಕಥೆಯ ಕುತೂಹಲ ತೀರಿದ ಮೇಲೂ ಉಳಿಯುವ ಆ ಆನಂದದ ಮೂಲ ಯಾವುದು? ನಮ್ಮ ಮಟ್ಟಿಗೆ ಅದು ಅವುಗಳ ಕತ್ತಲೆಯಲ್ಲಿದೆ. ಆ ಕತ್ತಲೆಯು ತಾನಾಗಿ ಒದಗಿದುದಲ್ಲ. ದೀಪ, ಮಸೂರ, ಬೆಳ್ಳಿಯ ಲವಣ, ನೀರು, ಧೂಳು ಇವುಗಳಿಂದ ಕಷ್ಟಪಟ್ಟು ತಯಾರಿಸಿದ ವಸ್ತು. ಅದನ್ನು ಹೇಗೆ ತಯಾರಿಸಿದರು ಎಂಬುದನ್ನು ಅರಿತವನು ಚಿತ್ರವನ್ನು ಇನ್ನೊಂದು ಬಗೆಯಲ್ಲಿ ನೋಡಬಲ್ಲನು.

ಮೊದಲಿಗೆ, ಬೆಳ್ಳಿತೆರೆಯ ಮೇಲೆ ಕಪ್ಪು ಎಂಬುದು ಹೇಗೆ ಬರುತ್ತದೆ? ತೆರೆ ಬಿಳಿಯದು. ಪ್ರಕ್ಷೇಪಕ ಯಂತ್ರವು ಅದರ ಮೇಲೆ ಬೆಳಕನ್ನು ಚೆಲ್ಲಬಲ್ಲುದೇ ಹೊರತು ಕಪ್ಪನ್ನು ಚೆಲ್ಲಲಾರದು. ಚಿತ್ರದ ಆರಂಭಕ್ಕೆ ಮುಂಚೆ, ದೀಪಗಳನ್ನು ತಗ್ಗಿಸಿದ ಮಂದಿರದಲ್ಲಿ ತೆರೆಯು ಮಸುಕಾದ ಬೂದುಬಣ್ಣವಾಗಿ ತೋರುತ್ತದೆ. ಚಿತ್ರ ಆರಂಭವಾದೊಡನೆ ಅದೇ ಬೂದು ಭಾಗವು, ಪಕ್ಕದಲ್ಲಿ ಬೆಳಗುವ ಕಿಟಕಿಯ ದೆಸೆಯಿಂದ, ಕಾಡಿಗೆಯಂತೆ ಕಪ್ಪಾಗಿ ಕಾಣುತ್ತದೆ. ಅಲ್ಲಿಂದ ಬರುವ ಬೆಳಕು ಕಿಂಚಿತ್ತೂ ಕಡಿಮೆಯಾಗಿಲ್ಲ. ನಮ್ಮ ಕಣ್ಣು ಬೆಳಕಿನ ಪ್ರಮಾಣವನ್ನು ತಕ್ಕಡಿಯಂತೆ ತೂಗುವುದಿಲ್ಲ. ನೆರೆಹೊರೆಯೊಡನೆ ಹೋಲಿಸಿ ತೀರ್ಪು ಕೊಡುತ್ತದೆ. ಅಕ್ಷಿಪಟಲದಲ್ಲಿ ಒಂದೆಡೆಯ ನರಕೋಶಗಳು ಉದ್ರೇಕಗೊಂಡಾಗ ನೆರೆಯ ಕೋಶಗಳ ಸಂಕೇತವನ್ನು ತಗ್ಗಿಸುವುದೇ ಇದಕ್ಕೆ ಮುಖ್ಯವಾದ ಕಾರಣ. ಆದುದರಿಂದ ಕಪ್ಪು ಚಿತ್ರವನ್ನು ತೆಗೆಯುವ ಛಾಯಾಗ್ರಾಹಕನಿಗೆ ಕತ್ತಲೆ ಬೇಕಾದರೆ ಮೊದಲು ಬೇಕಾದುದು ಒಂದು ಉಜ್ವಲವಾದ ಬಿಳಿಯ ಚುಕ್ಕೆ! ಮೇಜುದೀಪವೊಂದು, ಬಿಳಿಯ ಅಂಗಿಯ ಕತ್ತುಪಟ್ಟಿಯೊಂದು, ಸಿಗರೇಟಿನ ಹೊಗೆಯ ಸುರುಳಿಯೊಂದು ಚೌಕಟ್ಟಿನ ಎಲ್ಲಿಯಾದರೂ ಬೆಳಗುತ್ತಿರುವುದನ್ನು ವಾಚಕರು ಗಮನಿಸಬಹುದು.

ಇನ್ನೊಂದು ವಿಚಿತ್ರವನ್ನೂ ಇಲ್ಲಿಯೇ ಹೇಳಿಬಿಡೋಣ. ಫಿಲ್ಮಿನ ಸುರುಳಿಯು ಸೆಕೆಂಡಿಗೆ ೨೪ ಚೌಕಗಳಂತೆ ಓಡುತ್ತದೆ. ಒಂದು ಚೌಕ ಸರಿದು ಮತ್ತೊಂದು ಬರುವಾಗ ಮುಚ್ಚಳವು ಬೆಳಕನ್ನು ತಡೆಯಬೇಕು; ಮಿಣುಕಾಟ ಕಾಣದಂತೆ ಪ್ರತಿಯೊಂದು ಚೌಕವನ್ನೂ ಎರಡು ಅಥವಾ ಮೂರು ಸಲ ಬೆಳಗಿಸಬೇಕು. ಹೀಗಾಗಿ ಆ ಯಂತ್ರಗಳಲ್ಲಿ ಸುಮಾರು ಅರ್ಧ ಕಾಲ ತೆರೆಯ ಮೇಲೆ ಬೆಳಕೇ ಇರುವುದಿಲ್ಲ. ಎರಡು ಗಂಟೆಯ ಚಿತ್ರಕ್ಕೆ ಹಣ ಕೊಟ್ಟವನು ಹೆಚ್ಚುಕಡಿಮೆ ಒಂದು ಗಂಟೆಯನ್ನು ನಿಜವಾದ ಕತ್ತಲಲ್ಲಿಯೇ ಕಳೆದು, ಅದನ್ನರಿಯದೆ ಎದ್ದುಬರುತ್ತಾನೆ.

ಇನ್ನು ಫಿಲ್ಮಿನ ಸಂಗತಿ. ಪಾರದರ್ಶಕವಾದ ಪಟ್ಟಿಯ ಮೇಲೆ ಜೆಲಟಿನ್ನಿನ ತೆಳುಪದರ. ಅದರಲ್ಲಿ ಹುದುಗಿರುವ ಬೆಳ್ಳಿಯ ಬ್ರೋಮೈಡಿನ ಸೂಕ್ಷ್ಮ ಹರಳುಗಳು. ಬೆಳಕಿನ ಕೆಲವೇ ಕಣಗಳನ್ನು ಹೀರಿದ ಹರಳಿನಲ್ಲಿ ಬೆಳ್ಳಿಯ ಕೆಲವು ಪರಮಾಣುಗಳು ಒಂದೆಡೆ ಗುಂಪುಗೂಡುತ್ತವೆ. ಆ ಗುಂಪು ಕಣ್ಣಿಗಾಗಲಿ ಸಾಧಾರಣ ಸೂಕ್ಷ್ಮದರ್ಶಕಕ್ಕಾಗಲಿ ಕಾಣದು. ಆದರೆ ಸಂಸ್ಕರಣ ದ್ರವದಲ್ಲಿ ಅದ್ದಿದಾಗ ಅಂತಹ ಗುಂಪುಳ್ಳ ಹರಳು ಪೂರ್ತಿಯಾಗಿ ಲೋಹದ ಬೆಳ್ಳಿಯಾಗಿ ಮಾರ್ಪಡುತ್ತದೆ. ಬೆಳಕು ಕಾಣದ ಹರಳು ಹಾಗೆಯೇ ಉಳಿದು ಅನಂತರ ತೊಳೆದುಹೋಗುತ್ತದೆ. ಸೂಕ್ಷ್ಮವಾಗಿ ಎಳೆಯೆಳೆಯಾಗಿರುವ ಈ ಬೆಳ್ಳಿ ಹೊಳೆಯುವುದಿಲ್ಲ, ಕಪ್ಪಾಗಿರುತ್ತದೆ. ಮೂಲ ನೆಗಟಿವ್‌ನಲ್ಲಿ ನೆರಳಿನ ಭಾಗ ಬರಿದು, ಬೆಳಕಿನ ಭಾಗ ಬೆಳ್ಳಿ. ಅದರಿಂದ ತೆಗೆದ ಪ್ರತಿಯಲ್ಲಿ ಇದು ತಿರುವುಮುರುವಾಗುತ್ತದೆ. ಎಂದರೆ, ಮಂದಿರಕ್ಕೆ ಬರುವ ಪ್ರತಿಯಲ್ಲಿ ನೆರಳು ಹೆಚ್ಚಾದಷ್ಟೂ ಬೆಳ್ಳಿ ಹೆಚ್ಚು. ಹಾಲಿವುಡ್ಡಿನ ಬಡ ನಿರ್ಮಾಪಕರು ಕಡಿಮೆ ಖರ್ಚಿನಲ್ಲಿ ತೆಗೆದ ಕಪ್ಪು ಚಿತ್ರಗಳ ಪ್ರತಿಗಳು, ಥಳಥಳಿಸುವ ಸಂಗೀತ ಚಿತ್ರಗಳ ಕಪ್ಪುಬಿಳುಪು ಪ್ರತಿಗಳಿಗಿಂತ ಬೆಳ್ಳಿಯ ತೂಕದಲ್ಲಿ ಶ್ರೀಮಂತವಾಗಿದ್ದುವು ಎಂಬುದು ಒಂದು ಸೊಗಸಾದ ವಿಪರ್ಯಾಸ.

ಈ ಚಿತ್ರಗಳ ಮುದ್ರೆಯೆಂದರೆ ಜಾಲರಿ ಪರದೆಯ ನೆರಳು. ಕಿಟಕಿಗೆ ಇಳಿಬಿಟ್ಟ ಮರದ ಅಥವಾ ತಗಡಿನ ಪಟ್ಟಿಗಳ ಮೂಲಕ ಬೆಳಕು ತೂರಿ, ಗೋಡೆಯ ಮೇಲೂ ಪಾತ್ರಗಳ ಮುಖದ ಮೇಲೂ ಸೆರೆಮನೆಯ ಸರಳುಗಳಂತೆ ಪಟ್ಟೆಗಳನ್ನು ಎಳೆಯುತ್ತದೆ. ಇದನ್ನು ಮನೆಯಲ್ಲಿ ಮಾಡಲು ಹೊರಟವರಿಗೆ ಅದು ಅಷ್ಟು ಸುಲಭವಲ್ಲವೆಂಬುದು ತಿಳಿದೀತು. ನೆರಳಿನ ಅಂಚು ಚೂಪಾಗಿರುವುದೂ ಮಸುಕಾಗಿರುವುದೂ ಬೆಳಕಿನ ಮೂಲದ ಗಾತ್ರವನ್ನು ಅವಲಂಬಿಸುತ್ತದೆ. ಲೆಕ್ಕ ಸರಳವಾದುದು. ದೀಪವು ಪರದೆಯಿಂದ ೫ ಮೀಟರು ದೂರದಲ್ಲಿಯೂ ಗೋಡೆಯು ಪರದೆಯ ಆಚೆ ೧ ಮೀಟರಿನಲ್ಲಿಯೂ ಇರಲಿ. ಬೆಳಕಿನ ಮೂಲ ೨ ಸೆಂಟಿಮೀಟರು ಅಗಲವಾಗಿದ್ದರೆ, ಪಟ್ಟಿಯ ನೆರಳಿನ ಅಂಚಿನಲ್ಲಿ ಬೀಳುವ ಅರೆನೆರಳು ಅದರ ಐದರಲ್ಲಿ ಒಂದು ಪಾಲು, ಅಂದರೆ ೪ ಮಿಲಿಮೀಟರು ಮಾತ್ರ. ಗೆರೆ ಕೊರೆದಂತಿರುತ್ತದೆ. ಅದೇ ಮೂಲವನ್ನು ಬಿಳಿಯ ಬಟ್ಟೆಯಿಂದ ಮರೆಮಾಡಿ ೫೦ ಸೆಂಟಿಮೀಟರು ಅಗಲ ಮಾಡಿದೆವೆನ್ನಿ. ಅರೆನೆರಳು ೧೦ ಸೆಂಟಿಮೀಟರಿಗೆ ಹಿಗ್ಗಿ, ೫ ಸೆಂಟಿಮೀಟರು ಅಗಲದ ಪಟ್ಟಿಗಳ ನೆರಳುಗಳೆಲ್ಲ ಒಂದರೊಳಗೊಂದು ಕಲಸಿ ಗೋಡೆಯು ಬರಿಯ ಮಂಕು ಬೆಳಕಿನಿಂದ ತುಂಬುತ್ತದೆ. ಪ್ರಣಯ ಚಿತ್ರಗಳಲ್ಲಿ ನಾಯಕಿಯ ಮುಖದ ಗೆರೆಗಳನ್ನು ಮರೆಸಲು ಬಳಸುತ್ತಿದ್ದುದು ಈ ಎರಡನೆಯ ಬಗೆಯ ಬೆಳಕು. ಕಪ್ಪು ಚಿತ್ರದವರು ಬಟ್ಟೆಯನ್ನು ಕಿತ್ತೊಗೆದು ಬರಿಯ ದೀಪವನ್ನು ಉಳಿಸಿಕೊಂಡರು. ಫ್ರೆನೆಲ್ ಎಂಬ ಫ್ರೆಂಚ್ ವಿಜ್ಞಾನಿಯು ೧೮೨೨ರ ಸುಮಾರಿಗೆ ಸಮುದ್ರತೀರದ ದೀಪಸ್ತಂಭಗಳಿಗಾಗಿ ರೂಪಿಸಿದ, ಬಳೆಬಳೆಯಾಗಿ ಕೊರೆದ ತೆಳು ಮಸೂರವನ್ನು ೧೯೩೦ರ ದಶಕದಲ್ಲಿ ಸ್ಟುಡಿಯೋ ದೀಪಗಳಿಗೆ ಅಳವಡಿಸಿದುದರಿಂದ, ಬೇಕಾದ ಕಡೆಗೆ ಮಾತ್ರ ಬೆಳಕನ್ನು ಚೆಲ್ಲುವುದು ಸಾಧ್ಯವಾಯಿತು. ಹಡಗುಗಳನ್ನು ಬಂಡೆಯಿಂದ ಕಾಪಾಡಲು ಹುಟ್ಟಿದ ಮಸೂರ ಹೀಗೆ ಕೊಲೆಗಾರನ ಹುಬ್ಬನ್ನು ಬೆಳಗಿಸತೊಡಗಿತು.

‘ಡಬಲ್ ಇಂಡೆಮ್ನಿಟಿ’ಯಲ್ಲಿ ದಲ್ಲಾಳಿಯು ಆ ಹೆಂಗಸಿನ ಮನೆಯ ಹಜಾರವನ್ನು ಮೊದಲ ಸಲ ಹೊಕ್ಕಾಗ, ಪರದೆಯ ಸಂದುಗಳಿಂದ ಇಳಿಯುವ ಬಿಸಿಲಿನ ಕೋಲುಗಳಲ್ಲಿ ಧೂಳು ತೇಲುತ್ತಿರುವುದು ಕಾಣುತ್ತದೆ. ಮನೆ ಅಚ್ಚುಕಟ್ಟಾಗಿದ್ದಂತೆ ತೋರಿದರೂ ಒಳಗೆ ಏನೋ ಹಳಸಿದೆ ಎಂಬ ಭಾವ ಹುಟ್ಟುತ್ತದೆ. ಬೆಳಕಿನ ಕೋಲು ಎಂಬುದು ಬೆಳಕಿನ ಗುಣವಲ್ಲ; ಪಕ್ಕದಿಂದ ನೋಡುವವನ ಕಣ್ಣಿಗೆ ಬೆಳಕು ಬರಬೇಕಾದರೆ ದಾರಿಯಲ್ಲಿ ಯಾವುದಾದರೂ ಕಣವು ಅದನ್ನು ಚೆದರಿಸಬೇಕು. ಶುದ್ಧವಾದ ಗಾಳಿಯಲ್ಲಿ ಕೋಲು ಕಾಣದೆಂಬುದನ್ನು ಜಾನ್ ಟಿಂಡಲ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ತೋರಿಸಿದ್ದನು. ಸಾಧಾರಣ ಧೂಳು ಕ್ಯಾಮರಾದ ಕಣ್ಣಿಗೆ ಸಾಲದು. ನಿರ್ದೇಶಕ ಬಿಲ್ಲಿ ವೈಲ್ಡರನೂ ಛಾಯಾಗ್ರಾಹಕ ಜಾನ್ ಸೈಟ್ಸನೂ ಚಿತ್ರೀಕರಣಕ್ಕೆ ಮುನ್ನ ಅಲ್ಯೂಮಿನಿಯಮ್ಮಿನ ಸಣ್ಣ ಕಣಗಳನ್ನು ಗಾಳಿಗೆ ಊದಿಸಿ, ಅವು ನೆಲಕ್ಕಿಳಿಯುವಷ್ಟರಲ್ಲಿ ದೃಶ್ಯವನ್ನು ಹಿಡಿದರು. ಪ್ರತಿಯೊಂದು ಕಣವೂ ಪುಟ್ಟ ಕನ್ನಡಿಯಾದುದರಿಂದ ಬಿಸಿಲಿಗೆ ಮೈ ಬಂದಿತು.

ಇಲ್ಲಿ ನಮ್ಮ ನಾಡಿನವರೊಬ್ಬರನ್ನು ನೆನೆಯದಿರಲಾಗದು. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಛಾಯಾಗ್ರಹಣವನ್ನು ಕಲಿತು, ಬೆಂಗಳೂರಿನಲ್ಲಿಯೇ ಜನಿಸಿದ ಗುರುದತ್ತರ ಚಿತ್ರಗಳಿಗೆ ಬೆಳಕು ಕೊಟ್ಟ ವಿ. ಕೆ. ಮೂರ್ತಿಯವರು ೧೯೫೯ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕತ್ತಲಾದ ಸ್ಟುಡಿಯೋವೊಂದರೊಳಕ್ಕೆ ಬೆಳಕಿನ ಭಾರಿ ಕಂಬವನ್ನು ಇಳಿಸಿದರು. ದೀಪವನ್ನು ಬಳಸದೆ, ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿದರು. ಇದರಲ್ಲಿ ಅಡಗಿರುವ ಭೌತವಿಜ್ಞಾನ ಸ್ವಾರಸ್ಯವಾದುದು. ಹತ್ತಿರದ ದೀಪದಿಂದ ಹೊರಟ ಬೆಳಕು ಮುಂದೆ ಹೋದಂತೆಲ್ಲ ಬೀಸಣಿಗೆಯಂತೆ ಹರಡಿ ಕ್ಷೀಣಿಸುತ್ತದೆ. ಸೂರ್ಯನಾದರೋ ಹದಿನೈದು ಕೋಟಿ ಕಿಲೋಮೀಟರು ದೂರದಲ್ಲಿದ್ದಾನೆ; ಆಕಾಶದಲ್ಲಿ ಅವನ ಬಿಂಬ ಅರ್ಧ ಡಿಗ್ರಿಯಷ್ಟು ಮಾತ್ರ. ಆದುದರಿಂದ ಅವನ ಕಿರಣಗಳ ಕಂಬವು ೧೦ ಮೀಟರು ಇಳಿದ ಮೇಲೂ ೯ ಸೆಂಟಿಮೀಟರಿಗಿಂತ ಹೆಚ್ಚು ಹಿಗ್ಗುವುದಿಲ್ಲ. ಆ ಕಂಬದ ಅಂಚು ಮೇಲಿಂದ ಕೆಳಗಿನವರೆಗೆ ನೇರವಾಗಿ ನಿಂತಿರುವುದಕ್ಕೆ ಇದೇ ಕಾರಣ. ಹಾಲಿವುಡ್ಡಿನ ಕಪ್ಪು ಚಿತ್ರಗಳ ಛಾಯೆ ಮುಂಬಯಿಯ ಚಿತ್ರಗಳ ಮೇಲೆ ಬಿದ್ದಿತ್ತೆಂಬುದು ನಿಜ. ಆದರೆ ಈ ಒಂದು ಬೆಳಕಿನ ಕಂಬಕ್ಕೆ ಹಾಲಿವುಡ್ಡಿನಲ್ಲಿ ಸಾಟಿ ಹುಡುಕುವುದು ಕಷ್ಟವೆಂದೇ ನಮ್ಮ ಎಣಿಕೆ.

ಬಣ್ಣದ ಮಾತನ್ನು ಸಂಕ್ಷೇಪವಾಗಿ ಮುಗಿಸಬಹುದು. ಮೂಕಚಿತ್ರಗಳ ಕಾಲದ ಫಿಲ್ಮು ಕೆಂಪು ಬೆಳಕಿಗೆ ಕುರುಡು. ಕೆಂಪು ತುಟಿ ಕಪ್ಪಾಗಿಯೂ ನೀಲಿ ಆಕಾಶ ಸುಣ್ಣದಂತೆಯೂ ಕಾಣುತ್ತಿತ್ತು. ಸೂಕ್ತವಾದ ವರ್ಣದ್ರವ್ಯವನ್ನು ಸೇರಿಸಿದರೆ ಬೆಳ್ಳಿಯ ಲವಣಕ್ಕೆ ಇತರ ಬಣ್ಣಗಳನ್ನೂ ಕಾಣಿಸಬಹುದೆಂದು ಹರ್ಮನ್ ಫೋಗೆಲ್ ೧೮೭೩ರಲ್ಲಿ ಕಂಡುಹಿಡಿದಿದ್ದರೂ, ಎಲ್ಲ ಬಣ್ಣಗಳನ್ನೂ ಗ್ರಹಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮು ಹಾಲಿವುಡ್ಡಿನಲ್ಲಿ ನೆಲೆಗೊಂಡುದು ೧೯೨೦ರ ದಶಕದ ಕೊನೆಯಲ್ಲಿ. ಆ ವೇಳೆಗೆ ಚಿತ್ರಗಳಿಗೆ ಮಾತು ಬಂದಿತ್ತು. ಗುಂಯ್‌ಗುಡುವ ಇಂಗಾಲದ ಕಮಾನುದೀಪಗಳಿಗೆ ಬದಲಾಗಿ ಸದ್ದಿಲ್ಲದ ಟಂಗ್‌ಸ್ಟನ್ ದೀಪಗಳು ಬೇಕಾದುವು. ಅವುಗಳ ಬೆಳಕಿನಲ್ಲಿ ಕೆಂಪು ಹೆಚ್ಚು. ಹೊಸ ಫಿಲ್ಮಿಗೂ ಹೊಸ ದೀಪಕ್ಕೂ ಗಂಟುಬಿದ್ದುದು ಹೀಗೆ. ಅತ್ತ ಟೆಕ್ನಿಕಲರಿನಲ್ಲಿ ಬೆಳಕನ್ನು ಪಟ್ಟಕದಿಂದ ಸೀಳಿ ಮೂರು ಫಿಲ್ಮುಗಳಿಗೆ ಹಂಚಬೇಕಾಗಿದ್ದುದರಿಂದ ಬೆಳಕಿನ ಹೊಳೆಯನ್ನೇ ಹರಿಸಬೇಕಾಗಿತ್ತು; ಅಂತಹ ಹೊಳೆಯಲ್ಲಿ ಕತ್ತಲೆ ನಿಲ್ಲುವುದು ಕಷ್ಟ. ೧೯೪೫ರ ‘ಲೀವ್ ಹರ್ ಟು ಹೆವನ್’ ಬಣ್ಣದಲ್ಲಿಯೇ ಬಂದ ಕಪ್ಪು ಚಿತ್ರವೆಂದು ಹಲವರು ಎಣಿಸುತ್ತಾರೆ. ಅದು ಅಪವಾದ.

ಯುದ್ಧವೂ ತನ್ನ ಪಾಲನ್ನು ಸಲ್ಲಿಸಿತು. ೧೯೪೨ರಲ್ಲಿ ಅಮೆರಿಕದ ಸರಕಾರವು ಒಂದು ಚಿತ್ರದ ರಂಗಸಜ್ಜಿಕೆಗೆ ಬಳಸಬಹುದಾದ ಹೊಸ ಸಾಮಗ್ರಿಯ ವೆಚ್ಚವನ್ನು ೫,೦೦೦ ಡಾಲರುಗಳಿಗೆ ಮಿತಗೊಳಿಸಿತು. ಗೋಡೆಯಿಲ್ಲದ ಕಡೆ ಕತ್ತಲೆಯೇ ಗೋಡೆಯಾಯಿತು. ಹೊರಗಡೆ ರಾತ್ರಿಯನ್ನು ತೋರಿಸುವುದಕ್ಕೆ ಹಳೆಯ ಉಪಾಯವೊಂದಿತ್ತು: ಹಗಲಿನಲ್ಲಿ ಕೆಂಪು ಶೋಧಕ ಗಾಜನ್ನು ಮಸೂರದ ಮುಂದಿಟ್ಟು ಚಿತ್ರೀಕರಿಸಿದರೆ ಆಕಾಶದ ನೀಲಿಯು ಅದನ್ನು ದಾಟಲಾರದೆ ಆಕಾಶವು ಕಪ್ಪಾಗುತ್ತದೆ. ಆದರೆ ನೆರಳುಗಳು ಹಗಲಿನವೇ ಆಗಿ ಗುಟ್ಟನ್ನು ಹೊರಗೆಡಹುತ್ತವೆ. ಯುದ್ಧಾನಂತರ ವೇಗವಾದ ಫಿಲ್ಮುಗಳೂ ಹಗುರವಾದ ದೀಪಗಳೂ ಬಳಕೆಗೆ ಬಂದು, ನಿಜವಾದ ಬೀದಿಗಳಲ್ಲಿ ನಿಜವಾದ ರಾತ್ರಿಯಲ್ಲಿ ಕೆಲಸ ಮಾಡುವುದು ಸಾಧ್ಯವಾಯಿತು. ೧೯೪೮ರ ‘ದಿ ನೇಕೆಡ್ ಸಿಟಿ’ಯನ್ನು ನ್ಯೂಯಾರ್ಕಿನ ಬೀದಿಗಳಲ್ಲಿಯೂ ಕಟ್ಟಡಗಳಲ್ಲಿಯೂ ತೆಗೆದರು. ೧೯೫೮ರ ‘ಟಚ್ ಆಫ್ ಈವಿಲ್’ ಚಿತ್ರದ ಮೊದಲಲ್ಲಿ, ಮೂರು ನಿಮಿಷಕ್ಕೂ ಮೀರಿ ಎಲ್ಲಿಯೂ ತುಂಡಾಗದೆ ಸಾಗುವ ದೃಶ್ಯವು ರಾತ್ರಿಯಲ್ಲಿಯೇ ಚಿತ್ರಿತವಾದುದು.

ಆ ಬೀದಿಗಳು ಯಾವಾಗಲೂ ತೊಯ್ದಿರುವುದೇಕೆ, ಆ ಊರುಗಳಲ್ಲಿ ಅಷ್ಟೊಂದು ಮಳೆಯೇ, ಎಂದು ಕೇಳುವವರುಂಟು. ಮಳೆಯಲ್ಲ, ನೀರಿನ ಕೊಳವೆ. ಒಣಗಿದ ಡಾಂಬರಿನ ಒರಟು ಮೈಯು ತನ್ನ ಮೇಲೆ ಬಿದ್ದ ಅಲ್ಪ ಬೆಳಕನ್ನೂ ಎಲ್ಲ ದಿಕ್ಕಿಗೂ ಚೆಲ್ಲಿಬಿಡುವುದರಿಂದ ಚಿತ್ರದಲ್ಲಿ ಅದು ಬರಿಯ ಕಪ್ಪು ಹಳ್ಳ. ನೀರು ಆ ತಗ್ಗುಗಳನ್ನು ತುಂಬಿ ನಯವಾದ ಕನ್ನಡಿಯನ್ನು ಹಾಸುತ್ತದೆ. ನೆಟ್ಟಗೆ ಬಿದ್ದ ಬೆಳಕಿನಲ್ಲಿ ನೀರು ನೂರರಲ್ಲಿ ಎರಡು ಪಾಲನ್ನು ಮಾತ್ರ ಹಿಂದಿರುಗಿಸುತ್ತದೆ. ಆದರೆ ಓರೆ ಹೆಚ್ಚಿದಂತೆ ಅದು ಏರಿ, ಮೈಗೆ ಸವರಿದಂತೆ ಬರುವ ಬೆಳಕಿನಲ್ಲಿ ಅರ್ಧಕ್ಕೂ ಮಿಗಿಲಾದುದನ್ನು ಹಿಂದಿರುಗಿಸುತ್ತದೆ. ಕ್ಯಾಮರಾವನ್ನು ತಗ್ಗಿನಲ್ಲಿಟ್ಟರೆ ದೂರದ ಒಂದೇ ದೀಪವು ಬೀದಿಯ ಉದ್ದಕ್ಕೂ ಬೆಳ್ಳಿಯ ಗೆರೆಯೆಳೆಯುತ್ತದೆ. ಒಂದು ದೀಪದ ಖರ್ಚಿನಲ್ಲಿ ಎರಡು ದೀಪ!

‘ಸಿಟಿಜನ್ ಕೇನ್’ ಕಪ್ಪು ಚಿತ್ರಗಳ ಪಂಕ್ತಿಗೆ ಪೂರ್ತಿಯಾಗಿ ಸೇರಿದುದಲ್ಲವಾದರೂ ೧೯೪೧ರಲ್ಲಿ ಅದು ತೋರಿಸಿದ ದಾರಿಯನ್ನು ಬಿಟ್ಟು ಮುಂದೆ ಹೋಗಲಾಗದು. ಗ್ರೆಗ್ ಟೋಲಂಡನು ಅದರಲ್ಲಿ ಹತ್ತಿರದ ಮುಖವನ್ನೂ ಹಜಾರದ ತುದಿಯ ಬಾಗಿಲನ್ನೂ ಒಟ್ಟಿಗೆ ಸ್ಪಷ್ಟಗೊಳಿಸಿದನು. ಇದಕ್ಕೆ ಮಸೂರದ ರಂಧ್ರವನ್ನು ಕಿರಿದು ಮಾಡಬೇಕು. ಎಫ್ ೨.೮ರಿಂದ ಎಫ್ ೮ಕ್ಕೆ ಇಳಿಸಿದರೆ ಒಳಬರುವ ಬೆಳಕು ಎಂಟರಲ್ಲೊಂದು ಪಾಲಾಗುತ್ತದೆ. ನಷ್ಟವನ್ನು ತುಂಬಲು ಅವನು ಪ್ರಬಲವಾದ ಕಮಾನುದೀಪಗಳನ್ನೂ ವೇಗವಾದ ಫಿಲ್ಮನ್ನೂ, ಆಗ ತಾನೇ ಬಂದಿದ್ದ ಲೇಪಿತ ಮಸೂರಗಳನ್ನೂ ಬಳಸಿದನು. ಬರಿಯ ಗಾಜಿನ ಪ್ರತಿಯೊಂದು ಮೈಯೂ ನೂರರಲ್ಲಿ ಸುಮಾರು ನಾಲ್ಕು ಪಾಲು ಬೆಳಕನ್ನು ಹಿಂದಕ್ಕೆ ಹೊಡೆಯುತ್ತದೆ; ಎಂಟು ಮೈಗಳಿದ್ದರೆ ನಾಲ್ಕರಲ್ಲೊಂದು ಪಾಲಿಗಿಂತಲೂ ಹೆಚ್ಚು ನಷ್ಟ. ಇದಕ್ಕಿಂತ ಕೇಡಿನ ಸಂಗತಿಯೆಂದರೆ, ಹಾಗೆ ಹಿಂದೆಮುಂದೆ ಚಿಮ್ಮಿದ ಬೆಳಕು ಕೊನೆಗೆ ಫಿಲ್ಮಿನ ಮೇಲೆ ಬಿದ್ದು ಕಪ್ಪಿಗೆ ಬೂದಿಯನ್ನು ಬಳಿಯುತ್ತದೆ. ಮಿಲಿಮೀಟರಿನ ಹತ್ತುಸಾವಿರದಲ್ಲೊಂದು ಪಾಲಿನಷ್ಟು ದಪ್ಪದ ಲೇಪವನ್ನು ಹಚ್ಚಿದರೆ, ಲೇಪದ ಮೇಲ್ಮೈಯಿಂದಲೂ ಗಾಜಿನ ಮೈಯಿಂದಲೂ ಹಿಂದಿರುಗುವ ಎರಡು ಅಲೆಗಳು ಏರಿಗೆ ಇಳಿವಾಗಿ ಕೂಡಿ ಒಂದನ್ನೊಂದು ಅಳಿಸಿಹಾಕುತ್ತವೆ. ಚೌಕಟ್ಟಿನೊಳಗೇ ಉರಿಯುವ ದೀಪವನ್ನಿಟ್ಟು ಅದರ ಸುತ್ತ ಕಪ್ಪನ್ನು ಕಪ್ಪಾಗಿಯೇ ಉಳಿಸಿಕೊಳ್ಳಲು ಇದರಿಂದ ಬಹಳ ನೆರವಾಯಿತು.

ಇದೆಲ್ಲವನ್ನೂ ಅತ್ಯಂತ ಕಡಿಮೆ ದೀಪಗಳಿಂದ ಸಾಧಿಸಿದವನು, ಹಂಗೇರಿಯಲ್ಲಿ ಹುಟ್ಟಿದ ಜಾನ್ ಆಲ್ಟನ್. ೧೯೪೭ರ ‘ಟಿ-ಮೆನ್’ ಅವನ ಹೆಸರನ್ನು ಎತ್ತಿ ನಿಲ್ಲಿಸಿತು. ೧೯೪೯ರಲ್ಲಿ ‘ಪೇಂಟಿಂಗ್ ವಿತ್ ಲೈಟ್’ ಎಂಬ ತನ್ನ ಪುಸ್ತಕವನ್ನೂ ಹೊರತಂದನು. ೧೯೫೫ರ ‘ದಿ ಬಿಗ್ ಕಾಂಬೊ’ ಚಿತ್ರದ ಕೊನೆಯ ದೃಶ್ಯವೊಂದೇ ಸಾಕು, ಅವನ ಕೈಚಳಕವನ್ನು ಅರಿಯಲು. ಹಿಂಬದಿಯಿಂದ ಬರುವ ಬೆಳಕು, ಮಂಜು, ಎರಡು ಕರಿಯ ಆಕೃತಿಗಳು. ಮಂಜಿನ ಹನಿಗಳು ತಮ್ಮ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಮುಂದಕ್ಕೇ ಚೆದರಿಸುವುದರಿಂದ, ದೀಪಕ್ಕೆ ಎದುರಾಗಿ ನೋಡಿದಾಗ ಮಂಜೆಲ್ಲ ಬೆಳ್ಳಗಾಗಿ ನಡುವೆ ನಿಂತವರು ಕಾಗದದಲ್ಲಿ ಕತ್ತರಿಸಿದ ಬೊಂಬೆಗಳಂತೆ ಕಾಣುತ್ತಾರೆ. ಮುಖ ಕಾಣದು, ಗೋಡೆಯೂ ಕಾಣದು. ಹಣವಿಲ್ಲದ ನಿರ್ಮಾಪಕನಿಗೆ ಮಂಜಿನಂತಹ ಮಿತ್ರನಿಲ್ಲ.

ಇಂದು ನಾವು ಈ ಚಿತ್ರಗಳನ್ನು ಬಹುಮಟ್ಟಿಗೆ ಮನೆಯಲ್ಲಿಯೇ ನೋಡುತ್ತೇವೆ. ಹಿಂಬದಿಯ ದೀಪವುಳ್ಳ ದ್ರವಸ್ಫಟಿಕದ ತೆರೆಯು ಕಪ್ಪನ್ನು ತೋರಿಸಬೇಕಾದಾಗಲೂ ಸ್ವಲ್ಪ ಬೆಳಕನ್ನು ಸೋರಗೊಡುತ್ತದೆ. ಪ್ರತಿಯೊಂದು ಚುಕ್ಕೆಯೂ ತಾನೇ ಬೆಳಗುವ, ತಾನೇ ಆರುವ ತೆರೆಯಲ್ಲಿ ಆ ದೋಷವಿಲ್ಲ. ಯಾವುದೇ ಆಗಲಿ, ಕೋಣೆಯ ದೀಪವನ್ನು ಆರಿಸಿ ನೋಡುವುದು ಮೇಲು. ಗೋಡೆಯಿಂದ ಪ್ರತಿಫಲಿಸಿದ ಬೆಳಕು ಸೈಟ್ಸನ ನೆರಳುಗಳನ್ನೂ ಆಲ್ಟನ್ನನ ನೆರಳುಗಳನ್ನೂ ಒಂದೇ ಬೂದಿಯಾಗಿಸುತ್ತದೆ.

ಆದರೆ ತೆರೆ ಎಷ್ಟು ಉತ್ತಮವಾಗಿದ್ದರೇನು, ಮೂಲವೇ ಉಳಿಯದಿದ್ದರೆ? ೧೯೫೦ರ ಸುಮಾರಿನವರೆಗೆ ಹಾಲಿವುಡ್ಡಿನ ಫಿಲ್ಮಿನ ಪಟ್ಟಿ ಸೆಲ್ಯುಲೋಸ್ ನೈಟ್ರೇಟಿನದು; ಸಿಡಿಹತ್ತಿಯ ಹತ್ತಿರದ ನೆಂಟ. ಅದರ ಅಣುವಿನಲ್ಲಿಯೇ ಆಮ್ಲಜನಕವಿರುವುದರಿಂದ ಒಮ್ಮೆ ಹೊತ್ತಿಕೊಂಡರೆ ನೀರಿನೊಳಗೂ ಆರದು. ಉರಿಯದಿದ್ದರೂ ಮೆಲ್ಲಗೆ ಒಡೆಯುತ್ತ ಆಮ್ಲವನ್ನು ಬಿಡುತ್ತದೆ; ಆ ಆಮ್ಲವೇ ಒಡೆತವನ್ನು ಇನ್ನಷ್ಟು ಚುರುಕುಗೊಳಿಸಿ, ಕೊನೆಗೆ ಸುರುಳಿಯು ಅಂಟಾಗಿ, ಹೆಪ್ಪಾಗಿ, ಕಂದು ಪುಡಿಯಾಗುತ್ತದೆ. ಬಳಿಕ ಬಂದ ಅಸಿಟೇಟಿನ ಪಟ್ಟಿಗೆ ಬೆಂಕಿಯ ಭಯ ಕಡಿಮೆ. ಆದರೆ ಸೆಕೆಯಲ್ಲಿ ಅದು ವಿನೆಗರಿನ ವಾಸನೆ ಸೂಸುತ್ತ ಕುಗ್ಗಿ ಸುಕ್ಕಾಗುತ್ತದೆ. ಎರಡಕ್ಕೂ ಮದ್ದು ಒಂದೇ: ತಣ್ಣಗಿನ, ಒಣಗಿದ ಉಗ್ರಾಣ. ದೊಡ್ಡ ಚಿತ್ರಗಳಿಗೆ ಅದು ದೊರೆಯಿತು. ಅಗ್ಗದ ಕಪ್ಪು ಚಿತ್ರಗಳನ್ನು ಕಾಯುವವರು ಯಾರು? ಪ್ರತಿಯಿಂದ ಪ್ರತಿ ತೆಗೆದಂತೆಲ್ಲ ಮೊದಲು ಸಾಯುವುದು ನೆರಳಿನೊಳಗಣ ವಿವರ. ಎಡ್ಗರ್ ಉಲ್ಮರನ ೧೯೪೫ರ ‘ಡಿಟೂರ್’ ಚಿತ್ರವನ್ನು ಅಭಿಮಾನಿಗಳು ದಶಕಗಳ ಕಾಲ ಕಲಗಚ್ಚಿನಂತಹ ಪ್ರತಿಗಳಲ್ಲಿಯೇ ನೋಡಬೇಕಾಯಿತು. ೨೦೧೮ರಲ್ಲಿ ಅದು ಮತ್ತೆ ಶುದ್ಧಗೊಂಡು ಬಂದಿತು. (ಅದರ ಕೆಲವು ದೃಶ್ಯಗಳಲ್ಲಿ ನೆಗಟಿವನ್ನು ಎಡಬಲ ತಿರುಗಿಸಿರುವುದರಿಂದ ವಾಹನಗಳು ರಸ್ತೆಯ ಎಡಗಡೆಯಲ್ಲಿ ಓಡುತ್ತವೆ. ಅಮೆರಿಕನ್ನರು ಇದನ್ನು ಕಂಡು ನಗುತ್ತಾರೆ. ನಮ್ಮ ಕಣ್ಣಿಗೆ ಅದು ತಪ್ಪೆಂದೇ ತೋರುವುದಿಲ್ಲ!)

೧೯೫೦ರ ‘ವುಮನ್ ಆನ್ ದಿ ರನ್’ ಎಂಬ ಚಿತ್ರದ ಪಾಡು ಇನ್ನೂ ಕಷ್ಟದ್ದು. ಕೊಲೆಯೊಂದನ್ನು ಕಂಡು ತಲೆಮರೆಸಿಕೊಂಡ ಗಂಡನನ್ನು ಅವನ ಹೆಂಡತಿ ಸಾನ್‌ಫ್ರಾನ್ಸಿಸ್ಕೋ ನಗರದಲ್ಲೆಲ್ಲ ಹುಡುಕುವ ಕಥೆ ಅದು. ಆ ಹುಡುಕಾಟದಲ್ಲಿ ಅವಳು ತಾನರಿಯದ ಗಂಡನನ್ನು ಅರಿಯುತ್ತಾಳೆ. ಆನ್ ಶೆರಿಡನ್ನಳ ಅಭಿನಯ ಎಷ್ಟು ಸೊಗಸಾದರೂ ಚಿತ್ರವನ್ನು ಬಹುಪಾಲು ಜನ ಮರೆತಿದ್ದರು. ಅಮೆರಿಕದಲ್ಲಿ ಉಳಿದಿದೆಯೆಂದು ತಿಳಿದಿದ್ದ ಒಂದೇ ಒಳ್ಳೆಯ ಪ್ರತಿಯು ೨೦೦೮ರ ಜೂನ್ ೧ರಂದು ಯೂನಿವರ್ಸಲ್ ಸ್ಟುಡಿಯೋದಲ್ಲಿ ಸಂಭವಿಸಿದ ಬೆಂಕಿಯಲ್ಲಿ ಸುಟ್ಟುಹೋಯಿತು. ಇಂತಹ ಚಿತ್ರಗಳನ್ನು ಉಳಿಸುವುದಕ್ಕಾಗಿಯೇ ೨೦೦೫ರಲ್ಲಿ ಎಡ್ಡಿ ಮುಲ್ಲರ್ ಸ್ಥಾಪಿಸಿದ್ದ ಫಿಲ್ಮ್ ನ್ವಾರ್ ಫೌಂಡೇಶನ್ ಹುಡುಕಾಟ ನಡೆಸಿದಾಗ, ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಉಗ್ರಾಣದಲ್ಲಿ ಆ ಚಿತ್ರದ ಸುರುಳಿಗಳು ಉಳಿದಿರುವುದು ಕಂಡುಬಂದಿತು. ಅವುಗಳಿಂದ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದ ಚಿತ್ರಭಂಡಾರದವರು ಹೊಸ ನೆಗಟಿವನ್ನೂ ಹೊಸ ಪ್ರತಿಯನ್ನೂ ಸಿದ್ಧಪಡಿಸಿದರು. ೨೦೧೫ರ ಜನವರಿಯಲ್ಲಿ, ಕಥೆ ನಡೆಯುವ ಸಾನ್‌ಫ್ರಾನ್ಸಿಸ್ಕೋ ನಗರದ ಕ್ಯಾಸ್ಟ್ರೋ ಚಿತ್ರಮಂದಿರದಲ್ಲಿ, ತುಂಬಿದ ಸಭೆಯ ಮುಂದೆ ಅದನ್ನು ಓಡಿಸಿದರು.